ಜೋಗಿಮಟ್ಟಿ ತಪ್ಪಲಿನ ನಿಸರ್ಗ ಶಿಬಿರ: ನಡಿಗೆಗೆ ಪೂರ್ಣ ಅಂಕ, ಬೀಜದುಂಡೆಗೆ ತಿದ್ದುಪಡಿ ಬೇಕು

ಚಿತ್ರದುರ್ಗದಲ್ಲಿ ಸ್ವಯಂಸೇವಕರು ತಿಂಗಳಿಗೊಂದು ಭಾನುವಾರ ನಡೆಸುವ ಈ ಕುಟುಂಬ ಶಿಬಿರಕ್ಕೆ ಈಗ ದಾವಣಗೆರೆಯಿಂದಲೂ ಜನ ಬರುತ್ತಿದ್ದಾರೆ. ಬೆಳಿಗ್ಗೆ ಜೋಗಿಮಟ್ಟಿ ಬೆಟ್ಟದ ತಪ್ಪಲಿನಲ್ಲಿ ನಡಿಗೆ, ತಿಂಡಿಯಾದ ಮೇಲೆ ಬೀಜವನ್ನು ಮಣ್ಣಿನ ಉಂಡೆಯೊಳಗಿಟ್ಟು ಕಾಡಿಗೆ ಎರಚುವ ಬೀಜದುಂಡೆಯ ಕಾರ್ಯಾಗಾರ, ಬಿಸಿಲು ಇಳಿದ ಮೇಲೆ ಕೋಟೆಯಲ್ಲಿ ನೀರಿನ ಜಾಡು. ದೊಡ್ಡವರಿಗೆ 250 ರೂಪಾಯಿ, ಮಕ್ಕಳಿಗೆ 100. ತಿಂಡಿ, ಊಟ ಅದರಲ್ಲೇ ಸೇರಿದೆ, ಕೋಟೆಯ ಟಿಕೆಟ್ ಮಾತ್ರ ಬೇರೆ. ನಡಿಗೆ ಮತ್ತು ನೀರಿನ ಜಾಡಿಗೆ ಕಣ್ಣುಮುಚ್ಚಿ ಹೆಸರು ಕೊಡಬಹುದು. ಬೀಜದುಂಡೆಯ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಡಿಗೆಯ ದೊಡ್ಡ ಗುಣ ಅದರ ನಿಧಾನ. ಎರಡೂವರೆ ಗಂಟೆಯಲ್ಲಿ ಒಂದೂವರೆ ಕಿಲೋಮೀಟರ್ ಕೂಡ ದಾಟುವುದಿಲ್ಲ. ಜೋಗಿಮಟ್ಟಿ ಎಂದರೆ ತುದಿಯ ಮಂಜು ಮತ್ತು ಗಾಳಿ ಅಂದುಕೊಂಡವರಿಗೆ ಕೆಳಗಿನ ಕುರುಚಲು ಕಾಡೇ ಇಲ್ಲಿ ಪಾಠ. ಕಮರ, ದಿಂಡಿಗ, ತುಗ್ಗಲಿ, ಕಾರೆ, ಕವಳೆ ಎಲ್ಲವನ್ನೂ ಮುಟ್ಟಿಸಿ ಪರಿಚಯಿಸುತ್ತಾರೆ. ಬಂದರಿ ಸೊಪ್ಪನ್ನು ಉಜ್ಜಿದರೆ ಬೆರಳು ಅಂಟಂಟಾಗುತ್ತದೆ. ಎಲೆಯ ನೀರು ಬೇಗ ಆರದಂತೆ ಕಾಯುವುದು ಆ ಅಂಟೇ ಎಂದು ಹೇಳಿದಾಗ, ವರ್ಷಕ್ಕೆ 600 ಮಿಲಿಮೀಟರ್ ಮಳೆ ಮುಟ್ಟುವುದೂ ಕಷ್ಟವಾದ ಊರಲ್ಲಿ ಈ ಗಿಡ ಹೇಗೆ ಬದುಕಿದೆ ಎಂಬುದು ಮಕ್ಕಳಿಗೂ ಥಟ್ಟನೆ ಹೊಳೆಯುತ್ತದೆ.

ಇಡೀ ದಿನದಲ್ಲಿ ಅತ್ಯುತ್ತಮವಾದದ್ದು ಕರಡಿ ಬಗೆದ ಹುತ್ತದ ಮುಂದಿನ ಕಾಲು ಗಂಟೆ. ಹುತ್ತದ ಒಂದು ಮಗ್ಗುಲು ಒಡೆದಿರುತ್ತದೆ, ಹೆಂಟೆಗಳು ಒಂದೇ ಕಡೆ ಚೆಲ್ಲಿರುತ್ತವೆ, ಒಳಗಿನ ಮಣ್ಣಿನ ಮೇಲೆ ಉಗುರಿನ ಉದ್ದುದ್ದ ಗೀರು. ಗೀರಿನ ಅಂಚು ಇನ್ನೂ ಚೂಪಾಗಿದ್ದು, ಗೆದ್ದಲು ಹಸಿ ಮಣ್ಣು ಮೆತ್ತಿ ಮುಚ್ಚಿರದಿದ್ದರೆ ಅದು ಹೊಸ ಗುರುತು. ಹತ್ತಿರದಲ್ಲೇ ಲದ್ದಿ ಸಿಕ್ಕರೆ ಕಡ್ಡಿಯಿಂದ ಬಿಡಿಸಿ ತೋರಿಸುತ್ತಾರೆ: ಗೆದ್ದಲಿನ ತಲೆಗಳು, ಬಾರೆ ಬೀಜ, ಬೇಸಿಗೆಯಾದರೆ ನುಣುಪಾದ ಕಕ್ಕೆ ಬೀಜ. ಕರಡಿ ಇರುವ ಕಾಡಾದ್ದರಿಂದಲೇ ಪೂರ್ತಿ ಬೆಳಕಾಗದೆ ಹೊರಡುವುದಿಲ್ಲ, ಮಕ್ಕಳನ್ನು ಸಾಲಿನ ನಡುವೆ ಇರಿಸಿಕೊಳ್ಳುತ್ತಾರೆ. ಈ ಶಿಸ್ತು ಮೆಚ್ಚುವಂಥದ್ದು.

ಕೊಡುವ ದುರ್ಬೀನುಗಳು 8×42 (ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದವು), ಒಳ್ಳೆಯವೇ. ಆದರೆ ಹೊಂದಿಸುವುದನ್ನು ಹೇಳಿಕೊಡದೆ ಕೈಗಿಡುವುದರಿಂದ ಅರ್ಧ ಜನಕ್ಕೆ ಹಕ್ಕಿ ಮಸುಕಾಗಿಯೇ ಕಾಣುತ್ತದೆ. ನೀವೇ ಹೀಗೆ ಮಾಡಿಕೊಳ್ಳಿ. ಎರಡು ವೃತ್ತ ಒಂದಾಗುವವರೆಗೆ ನಡುವೆ ಮಡಚಿ. ಬಲಗಡೆಯ ಗಾಜನ್ನು ಅಂಗೈಯಿಂದ ಮುಚ್ಚಿ, ಒಂದು ಕಡ್ಡಿಯನ್ನು ಗುರಿಯಿಟ್ಟು ಅದು ಸ್ಪಷ್ಟವಾಗುವವರೆಗೆ ನಡುವಿನ ಚಕ್ರ ತಿರುಗಿಸಿ. ಆಮೇಲೆ ಎಡಗಡೆ ಮುಚ್ಚಿ, ಅದೇ ಕಡ್ಡಿಯನ್ನು ನೋಡುತ್ತ ಬಲಗಣ್ಣಿನ ಬಳಿಯ ಬಳೆಯನ್ನು ಮಾತ್ರ ತಿರುಗಿಸಿ. ಮುಂದೆ ಆ ಬಳೆ ಮುಟ್ಟಬೇಡಿ, ಚಕ್ರ ಸಾಕು. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರನ್ನು ಕೆಳಗಿಳಿಸಿ.

ಇನ್ನು ಬೀಜದುಂಡೆ. ಕೆಂಪು ಮಣ್ಣು 3 ಪಾಲು, ಪುಡಿ ಮಾಡಿದ ಕೊಟ್ಟಿಗೆ ಗೊಬ್ಬರ 1 ಪಾಲು, ರೊಟ್ಟಿ ಹಿಟ್ಟಿನ ಹದಕ್ಕೆ ನೀರು, ನೆರಳಲ್ಲಿ ಎರಡು ದಿನ ಒಣಗಿಸುವುದು, ಇಲ್ಲಿಯವರೆಗೆ ಎಲ್ಲ ಸರಿ. ತಪ್ಪಿರುವುದು ಬೀಜದಲ್ಲಿ. ಬೇವಿನ ಬೀಜ ಹಣ್ಣಿನಿಂದ ಬಿಡಿಸಿದ ಕೆಲವೇ ವಾರಗಳಲ್ಲಿ ಜೀವ ಕಳೆದುಕೊಳ್ಳುತ್ತದೆ. ಹಿಂದಿನ ವರ್ಷದ್ದನ್ನು ಡಬ್ಬಿಯಿಂದ ತೆಗೆದು ಉಂಡೆ ಕಟ್ಟಿದರೆ ಕಾಡಿಗೆ ಹೋಗುವುದು ಬರೀ ಮಣ್ಣು. ಕಕ್ಕೆ ಬೀಜದ್ದು ಇನ್ನೊಂದು ತೊಂದರೆ: ಸಿಪ್ಪೆ ಗಟ್ಟಿ, ನೀರು ಒಳಗಿಳಿಯುವುದಿಲ್ಲ. ಕರಡಿಯ ಹೊಟ್ಟೆಯಲ್ಲಿ ಆ ಸಿಪ್ಪೆ ಸವೆಯುತ್ತದೆ ಎಂದು ಬೆಳಿಗ್ಗೆ ಇದೇ ತಂಡ ಚೆಂದವಾಗಿ ವಿವರಿಸುತ್ತದೆ, ಮಧ್ಯಾಹ್ನ ಮಾತ್ರ ಅದೇ ಬೀಜವನ್ನು ಹಾಗೆಯೇ ಉಂಡೆಗೆ ಹಾಕಿಸುತ್ತದೆ! ಮರಳು ಕಾಗದದಿಂದ ಒಂದು ಬದಿ ತಿಕ್ಕಿ, ರಾತ್ರಿಯಿಡೀ ನೀರಲ್ಲಿ ನೆನೆಸಬೇಕು. ಉಬ್ಬಿದ್ದನ್ನು ಕೂಡಲೇ ಪಾತಿಗೆ ಹಾಕಿ, ಉಬ್ಬದ್ದನ್ನು ಮತ್ತೆ ತಿಕ್ಕಬೇಕು.

ಎರಚುವ ಕಾಲವೂ ಜಾಗವೂ ಸರಿಯಿಲ್ಲ. ಜೂನ್‌ನ ಒಂದೆರಡು ಹನಿಗೆ ಮೊಳೆತದ್ದು ದುರ್ಗದ ಜುಲೈ ಗಾಳಿಗೆ ಒಣಗುತ್ತದೆ. ಇಲ್ಲಿ ನೆಚ್ಚಬಹುದಾದ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಬಯಲು ಹುಲ್ಲುಗಾವಲನ್ನು ಖಾಲಿ ಜಾಗ ಎಂದು ತಿಳಿದು ಅಲ್ಲಿ ಮರದ ಬೀಜ ಚೆಲ್ಲುವುದಂತೂ ನಿಲ್ಲಲೇಬೇಕು. ನೆಲಗುಬ್ಬಿ ಗೂಡು ಕಟ್ಟುವುದು, ಕುರಿ ಮೇಯುವುದು ಅದೇ ಹುಲ್ಲಿನಲ್ಲಿ. ಇದರ ಬದಲು ಕೆಂಪು ಮಣ್ಣು 2, ಮರಳು 1, ಗೊಬ್ಬರ 1 ಪಾಲಿನ ಚೀಲಗಳಲ್ಲಿ ಸಸಿ ಎಬ್ಬಿಸಿ ಪ್ರತಿ ಮನೆಗೂ ಎರಡೆರಡು ಕೊಟ್ಟರೆ ಮಕ್ಕಳ ಶ್ರಮ ಕಣ್ಣೆದುರು ಬೆಳೆಯುತ್ತದೆ.

ಸಂಜೆಯ ನೀರಿನ ಜಾಡು ದೊಡ್ಡವರಿಗೆ ಹೆಚ್ಚು ರುಚಿಸುತ್ತದೆ. ಮೇಲೆ ಗೋಪಾಲಸ್ವಾಮಿ ಹೊಂಡದಿಂದ ಶುರುಮಾಡಿ ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆಹೊಂಡದವರೆಗೆ, ಒಂದು ತುಂಬಿ ಇನ್ನೊಂದಕ್ಕೆ ಹರಿಯುವ ದಾರಿಯಲ್ಲೇ ಇಳಿಸುತ್ತಾರೆ. 100 ಚದರ ಮೀಟರ್ ಬಂಡೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು ಎಂಬ ಲೆಕ್ಕವನ್ನು ಅಲ್ಲೇ ಮಾಡಿಸಿ, ನಿಮ್ಮ ಮನೆ ತಾರಸಿಗೂ ಅದನ್ನೇ ಹಾಕಿನೋಡಿ ಎನ್ನುತ್ತಾರೆ. ಮೆಟ್ಟಿಲು ಬಹಳ, ಮಂಡಿ ನೋವಿರುವವರು ಸಂತೆಹೊಂಡದ ಬಳಿಯೇ ತಂಡವನ್ನು ಕೂಡಿಕೊಳ್ಳಲಿ.

ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್, ಐದಕ್ಕೇ ಮನೆ ಬಿಡಬೇಕು. ತಲೆಗೆ ಒಂದೂವರೆ ಲೀಟರ್ ನೀರು, ಪೂರ್ತಿ ಕಾಲು ಮುಚ್ಚುವ ಪ್ಯಾಂಟ್, ಬೂಟು ಇರಲಿ. ದನ ಓಡಾಡುವ ಜಾಗದಲ್ಲಿ ಉಣ್ಣೆ ಹುಳ ಹತ್ತುತ್ತದೆ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ತಪ್ಪಲಿನಲ್ಲಿ ಶೌಚಾಲಯವಿಲ್ಲ, ಚಿಕ್ಕ ಮಕ್ಕಳಿದ್ದರೆ ಊರಲ್ಲೇ ಮುಗಿಸಿಕೊಂಡು ಬನ್ನಿ. ಮೊದಲ ಸಲ ಬರುವವರು ಅಕ್ಟೋಬರ್ ತಂಡಕ್ಕೆ ಹೆಸರು ಕೊಡಿ: ಕಾಡು ಹಸಿರಾಗಿರುತ್ತದೆ, ಹೊಂಡಗಳಲ್ಲಿ ನೀರಿರುತ್ತದೆ, ಸೀತಾಫಲವೂ ಸಿಗುವ ಕಾಲ.