ಕೂಲಂಟ್ ಸೋರಿಕೆಗೆ ಕೈಪಂಪಿನ ಪ್ರೆಷರ್ ಟೆಸ್ಟರ್: ಮಳೆಗಾಲ, ಬೇಸಿಗೆ ಎರಡೂ ಕಳೆದ ಮೇಲೆ

ಕಿಟ್ಟಿನ ಪೆಟ್ಟಿಗೆಯಲ್ಲಿ ಏನೇನಿದೆ ಎಂಬುದು ಮಾರುವವರ ಪುಟದಲ್ಲಿ ಫೋಟೊ ಸಮೇತ ಇದೆ, ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಕೈಯಲ್ಲಿ ಒತ್ತುವ ಪಂಪು, ಗೇಜು, ಒಂದಷ್ಟು ಅಡಾಪ್ಟರ್, ಅಷ್ಟೇ. ಮಂಗಳೂರಿನಿಂದ ತಂದ ಹಳೆಯ ಡೀಸೆಲ್ ಹ್ಯಾಚ್‌ಬ್ಯಾಕಿನ ಕೂಲಂಟ್ (ಇಂಜಿನ್ ತಣಿಸುವ ದ್ರವ) ಎಲ್ಲಿ ಹೋಗುತ್ತಿದೆ ಎಂದು ಪತ್ತೆ ಹಚ್ಚಲಿಕ್ಕೆ ಕೊಂಡದ್ದು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದಂಥ ಕಡೆ ಸೆಕೆಂಡ್ ಹ್ಯಾಂಡ್ ಕಾರು ಇಟ್ಟುಕೊಂಡವರ ಮನೆಯಲ್ಲಿ ಜಾಕಿ, ವೀಲ್ ಸ್ಪಾನರಿನ ಜೊತೆಗೆ ಇರಬೇಕಾದ ಸಾಮಾನು ಇದು. ಆದರೆ ಇದರಲ್ಲಿರುವ ಒಂದು ದೋಷ ಗೊತ್ತಿಲ್ಲದಿದ್ದರೆ ಇಲ್ಲದ ಸೋರಿಕೆಯನ್ನು ಹುಡುಕುತ್ತಾ ಇಡೀ ಭಾನುವಾರ ಹೋಗುತ್ತದೆ. ಅದನ್ನೂ ಬರೆಯುತ್ತೇನೆ.

ಕೂಲಂಟ್ ಸೋರಿಕೆ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಇಂಜಿನ್ ತಣ್ಣಗಿರುವಾಗ ರೇಡಿಯೇಟರಿನೊಳಗೆ ಒತ್ತಡವೇ ಇರುವುದಿಲ್ಲ. ಓಡಿ ಬಿಸಿಯಾದಾಗಲೇ ಒತ್ತಡ ಏರುವುದು. ಆಗ ಕೂದಲೆಳೆಯಷ್ಟು ಸಂದಿಯಿದ್ದರೂ ಕೂಲಂಟ್ ಹೊರಗೆ ಬಂದು, ಬಿಸಿ ಬ್ಲಾಕಿನ ಮೇಲೆ ಬಿದ್ದು, ಅಲ್ಲೇ ಆವಿಯಾಗುತ್ತದೆ. ಮನೆಗೆ ಬಂದು ಬಾನೆಟ್ ಎತ್ತಿದರೆ ನೆಲವೂ ಒಣ, ಇಂಜಿನ್ನೂ ಒಣ. ಕೂಲಂಟ್ ತುಂಬಿಸುವ ಬಾಟ್ಲಿಯಲ್ಲಿ ಮಾತ್ರ ಮಟ್ಟ ಇಳಿದಿರುತ್ತದೆ. ನಮ್ಮ ಕಡೆಯ ಜೂನ್-ಜುಲೈಯಲ್ಲಂತೂ ಕಾರಿನ ಅಡಿಯೆಲ್ಲ ಕೆಸರು ನೀರು, ಅದರ ಮೇಲೆ ಏಸಿಯ ನೀರು ಬೇರೆ ತೊಟ್ಟಿಕ್ಕುತ್ತಿರುತ್ತದೆ. ಏಸಿಯ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೂಲಂಟ್ ಆದರೆ ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ, ಒಣಗಿದ ಜಾಗದಲ್ಲಿ ಬಿಳಿಯದೋ ಹಸಿರೋ ಹುಡಿ ಕಟ್ಟುತ್ತದೆ.

ಇಂಥ ಕಾರನ್ನು ವರ್ಕ್‌ಶಾಪಿಗೆ ಒಯ್ದರೆ ಸಾಮಾನ್ಯವಾಗಿ "ಮೊದಲು ಕ್ಯಾಪ್ (ರೇಡಿಯೇಟರಿನ ಅಥವಾ ಬಾಟ್ಲಿಯ ಮುಚ್ಚಳ) ಬದಲಾಯಿಸಿ ನೋಡುವ" ಎಂಬಲ್ಲಿಂದ ಶುರು. ಕ್ಯಾಪ್ ಆದ ಮೇಲೆ ಹೋಸು, ಹೋಸಾದ ಮೇಲೆ ರೇಡಿಯೇಟರ್. ಪ್ರತಿಯೊಂದೂ ಊಹೆ, ಪ್ರತಿಯೊಂದಕ್ಕೂ ದುಡ್ಡು. ಎರಡೂವರೆ ಸಾವಿರದ ಈ ಪಂಪು ಊಹೆಯನ್ನೇ ತೆಗೆದುಹಾಕುತ್ತದೆ: ತಣ್ಣಗಿನ ಇಂಜಿನ್ನಿಗೆ ಬಿಸಿ ಇಂಜಿನ್ನಿನ ಒತ್ತಡವನ್ನು ಹೊರಗಿನಿಂದ ಕೊಡುತ್ತದೆ. ಸೋರಿದ್ದು ಆವಿಯಾಗುವುದಿಲ್ಲ, ಕೈ ಸುಡುವುದಿಲ್ಲ, ಫ್ಯಾನು ತಿರುಗುವುದಿಲ್ಲ. ನಿಧಾನಕ್ಕೆ ಟಾರ್ಚು ಹಿಡಿದು ನೋಡಬಹುದು.

ಬಳಸುವ ಕ್ರಮ ಹೀಗೆ. ಕಾರು ರಾತ್ರಿಯಿಡೀ ನಿಂತಿರಬೇಕು. ಬಿಸಿ ಇಂಜಿನ್ನಿನ ಕ್ಯಾಪನ್ನು ಯಾವ ಕಾರಣಕ್ಕೂ ತೆಗೆಯಬಾರದು; ಒತ್ತಡ ಒಮ್ಮೆಲೇ ಇಳಿದರೆ ಒಳಗಿನದು ಆ ಕ್ಷಣದಲ್ಲೇ ಕುದಿದು ಮುಖಕ್ಕೆ ಎರಚುತ್ತದೆ. ಬೆಳಿಗ್ಗೆ ಕ್ಯಾಪ್ ತೆಗೆದು ಮಟ್ಟ ಸರಿಮಾಡಿ, ಅದೇ ಬಾಯಿಗೆ ಅಡಾಪ್ಟರ್ ತಿರುಗಿಸಿ, ಪಂಪಿನ ಪೈಪು ಸಿಕ್ಕಿಸಿ. ಎಷ್ಟು ಒತ್ತಬೇಕು ಎಂಬುದು ಕ್ಯಾಪಿನ ಮೇಲೇ ಬರೆದಿರುತ್ತದೆ: 0.9, 1.1 ಅಥವಾ 1.4. ಅದು ಬಾರ್ ಲೆಕ್ಕ. ಗೇಜಿನಲ್ಲಿ ಪಿಎಸ್‌ಐ ಇದ್ದರೆ 14.5ರಿಂದ ಗುಣಿಸಿ: 0.9 ಅಂದರೆ 13, 1.1 ಅಂದರೆ 16, 1.4 ಅಂದರೆ 20. ಕ್ಯಾಪಿನಲ್ಲಿ 108 ಎಂದಿದ್ದರೆ ಅದು ಕಿಲೋಪ್ಯಾಸ್ಕಲ್, ಹೆಚ್ಚುಕಡಿಮೆ 1.1 ಬಾರ್. ಗೇಜು ಇನ್ನೂ ಮೇಲಕ್ಕೆ ಹೋಗುತ್ತದೆ ಅಂತ ಒತ್ತುತ್ತಾ ಹೋಗಬೇಡಿ. ಹಳೆ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು, ಡ್ಯಾಶ್‌ಬೋರ್ಡಿನ ಹಿಂದಿನ ಹೀಟರ್ ಕೋರ್ ಮೊದಲು ಒಡೆಯುವವು. ಇಲ್ಲದ ಸೋರಿಕೆಯನ್ನು ನೀವೇ ಮಾಡಿದಂತಾಗುತ್ತದೆ.

ಒತ್ತಿದ ಮೇಲೆ 15 ನಿಮಿಷ ಬಿಡಿ. ನೋಡುವಾಗ ಮೇಲಿಂದ ಕೆಳಕ್ಕೆ ನೋಡಿ, ಏಕೆಂದರೆ ಹನಿ ಬಿದ್ದ ಜಾಗ ಬೇರೆ, ಹುಟ್ಟಿದ ಜಾಗ ಬೇರೆ. ಬಾಟ್ಲಿಯ ಜೋಡಣೆಯ ಗೆರೆ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಮ್ಮಿಗೆ ಕೂಡುವ ಮಡಿಕೆ, ಮೇಲಿನ ಮತ್ತು ಕೆಳಗಿನ ಹೋಸಿನ ಎರಡೂ ತುದಿ, ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲಂಟಿಗೆ ದಾರಿ ಬಿಡುವ ಕವಾಟ) ಹೌಸಿಂಗ್, ಇಂಜಿನ್ ಹಿಂದಿನಿಂದ ಹೀಟರಿಗೆ ಹೋಗುವ ಎರಡು ಸಣ್ಣ ಹೋಸು, ಕೊನೆಗೆ ವಾಟರ್ ಪಂಪಿನ ಅಡಿಯ ಸಣ್ಣ ತೂತು. ಪಂಪಿನ ಒಳಗಿನ ಸೀಲ್ ಹೋದಾಗ ಕೂಲಂಟ್ ಬೇರಿಂಗಿಗೆ ಹೋಗದೆ ಹೊರಗೆ ಬರಲಿ ಎಂದೇ ಆ ತೂತು ಇಟ್ಟಿರುವುದು. ಅಲ್ಲಿ ಒಣಗಿದ ಕಲೆ ಇದ್ದರೆ ಕಾದು ನೋಡಬಹುದು, ಹನಿ ಇಳಿಯುತ್ತಿದ್ದರೆ ಪಂಪು ಮುಗಿಯಿತು. ಟೈಮಿಂಗ್ ಬೆಲ್ಟಿನಿಂದ ಓಡುವ ಪಂಪಾದರೆ ಬೆಲ್ಟನ್ನೂ ಒಟ್ಟಿಗೆ ಬದಲಾಯಿಸಿ, ಎರಡು ಸಲ ಬಿಚ್ಚುವ ಕೂಲಿ ಉಳಿಯುತ್ತದೆ.

ಈ ಕಾರಿನಲ್ಲಿ ಸೋರುತ್ತಿದ್ದದ್ದು ಥರ್ಮೋಸ್ಟಾಟ್ ಹೌಸಿಂಗಿಗೆ ಕೂಡುವ ಹೋಸಿನ ಬುಡದಲ್ಲಿ. ಒತ್ತಡ ಕೊಟ್ಟ ಮೇಲೆ ಮೊದಲು ಹೋಸಿನ ಅಂಚು ಬರೀ ಹೊಳೆಯಿತು. ಆ ಹೊಳಪು ಕೆಳಗಿನ ಬದಿಗೆ ಸೇರಿ, ಕ್ಲ್ಯಾಂಪಿನ ಸ್ಕ್ರೂ ಪಕ್ಕದಲ್ಲಿ ಸಾಸಿವೆಯಷ್ಟು ಹಸಿರು ಹನಿಯಾಯಿತು, ತುಂಬಿಕೊಂಡಿತು, ಗೇರ್‌ಬಾಕ್ಸಿನ ಮೇಲೆ ಬಿತ್ತು. ಮುಂದಿನದು ಅಲ್ಲೇ ಹುಟ್ಟಲು ಶುರು. ಅಷ್ಟು ಹೊತ್ತಿಗೆ ಗೇಜಿನ ಮುಳ್ಳು 16ರಿಂದ 14ಕ್ಕೆ ಬಂದಿತ್ತು. ಗೇರ್‌ಬಾಕ್ಸಿನ ಮೇಲಿನ ಧೂಳಿನಲ್ಲಿ ಬಿಳಿ ಹುಡಿಯ ಕಲೆ ಮೊದಲೂ ಇತ್ತು, ಆದರೆ ಅದರ ಮೇಲೆ ಮೂರು ಹೋಸುಗಳಿವೆ. ಯಾವುದರದ್ದು ಎಂದು ಪಂಪು ಹೇಳಿತು.

ಕಾರಣವೂ ಅಲ್ಲೇ ಕಂಡಿತು. ಕಂಪೆನಿಯಿಂದ ಬರುವಾಗ ಅಲ್ಲಿ ಸ್ಪ್ರಿಂಗ್ ಕ್ಲ್ಯಾಂಪ್ ಇರುತ್ತದೆ, ಯಾರೋ ಅದನ್ನು ತೆಗೆದು ಸ್ಕ್ರೂ ಕ್ಲ್ಯಾಂಪ್ ಹಾಕಿದ್ದರು. ಬಿಸಿಯಾದಾಗ ಕೊಳವೆ, ರಬ್ಬರ್ ಎರಡೂ ಹಿಗ್ಗುತ್ತವೆ, ತಣಿದಾಗ ಕುಗ್ಗುತ್ತವೆ. ಸ್ಪ್ರಿಂಗ್ ಕ್ಲ್ಯಾಂಪ್ ಜೊತೆಜೊತೆಗೇ ಹಿಗ್ಗಿ ಕುಗ್ಗುತ್ತದೆ, ಸ್ಕ್ರೂ ಕ್ಲ್ಯಾಂಪ್ ಇಟ್ಟಲ್ಲೇ ಇರುತ್ತದೆ. ಹಾಗಾಗಿ ಬೆಳಗಿನ ತಂಪಿನಲ್ಲಿ ಕಾರು ಹೊರಟಾಗ ಸೋರಿ, ಓಡಿ ಬಿಸಿಯಾದ ಮೇಲೆ ತಾನಾಗಿ ನಿಲ್ಲುವ ಸೋರಿಕೆ ಇದು. ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ನೋಡಿದರೆ ಸಿಗುವುದೇ ಇಲ್ಲ. ಸ್ಕ್ರೂ ಇನ್ನಷ್ಟು ಬಿಗಿ ಮಾಡಿದರೆ ಪ್ಲಾಸ್ಟಿಕ್ ಕೊಳವೆ ಬಿರಿಯುತ್ತದೆ. ಪರಿಹಾರ ಅದೇ ಅಳತೆಯ ಸ್ಪ್ರಿಂಗ್ ಕ್ಲ್ಯಾಂಪ್, ನೂರು ರೂಪಾಯಿಯೊಳಗಿನ ಸಾಮಾನು. ಹಾಕುವ ಮೊದಲು ಕೊಳವೆಯ ಮೇಲೆ ಅಂಟಿದ ಹುಡಿಯನ್ನು ನೈಲಾನ್ ಸ್ಕ್ರಬ್ಬರಿನಲ್ಲಿ ತಿಕ್ಕಿ ತೆಗೆಯಬೇಕು, ಹೋಸಿನ ತುದಿ ಗಟ್ಟಿಯಾಗಿದ್ದರೆ ಹೋಸನ್ನೂ ಬದಲಾಯಿಸಬೇಕು.

ಇನ್ನು ಪಂಪಿನ ದೋಷ. ಅಡಾಪ್ಟರುಗಳ ರಬ್ಬರ್ ವಾಷರ್ ತೀರಾ ಕಳಪೆ. ಹೊಸದರಲ್ಲೇ ಒಂದೆರಡು ಸರಿಯಾಗಿ ಕೂರುವುದಿಲ್ಲ, ಬೇಸಿಗೆ ಕಳೆಯುವಷ್ಟರಲ್ಲಿ ಉಳಿದವೂ ಗಟ್ಟಿಯಾದವು. ಆಗ ಗಾಳಿ ಅಡಾಪ್ಟರಿನಲ್ಲೇ ಹೋಗಿ ಮುಳ್ಳು ಇಳಿಯುತ್ತದೆ, ಸೋರದ ಕಾರೂ ಸೋರುತ್ತಿದೆ ಅನ್ನಿಸುತ್ತದೆ. ಸೋರಿಕೆ ಹುಡುಕಲೆಂದೇ ಮಾಡಿದ ಉಪಕರಣ ತಾನೇ ಸೋರುವುದು ಸಿಟ್ಟು ಬರಿಸುವ ಸಂಗತಿ, ಇದಕ್ಕೆ ಒಂದು ಸ್ಟಾರ್ ಕಡಿಮೆ ಕೊಡಲೇಬೇಕು. ಯಾವ ಅಡಾಪ್ಟರ್ ಯಾವ ಕಾರಿಗೆ ಎಂಬ ಪಟ್ಟಿಯೂ ಪೆಟ್ಟಿಗೆಯಲ್ಲಿಲ್ಲ. ಸರಿಯಾದದ್ದು ಸಿಕ್ಕ ಮೇಲೆ ಅದರ ಮೇಲೆ ಪೇಂಟ್ ಮಾರ್ಕರಿನಿಂದ ಗುರುತು ಹಾಕಿಟ್ಟುಕೊಳ್ಳಿ.

ಈ ದೋಷವನ್ನು ದಾಟುವ ದಾರಿ ಸುಲಭ. ಒತ್ತಡ ಕೊಟ್ಟ ಕೂಡಲೇ ಅಡಾಪ್ಟರಿನ ಸುತ್ತ, ಪೈಪು ಸಿಕ್ಕಿಸುವ ಜಾಗದಲ್ಲಿ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ತಪ್ಪು ಪಂಪಿನದ್ದು, ಕಾರಿನದ್ದಲ್ಲ. ವಾಷರ್ ಬದಲು ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆಗೆ ಸರಿಯಾದ ಓ-ರಿಂಗ್ ಸಿಗುತ್ತದೆ, ಹತ್ತಿಪ್ಪತ್ತು ರೂಪಾಯಿ. ಹಾಕುವಾಗ ಗ್ರೀಸ್, ವ್ಯಾಸಲೀನ್ ಹಚ್ಚಬೇಡಿ, ಕೂಲಿಂಗ್ ಲೈನಿನಲ್ಲಿ ಬಳಸುವ ರಬ್ಬರ್ ಎಣ್ಣೆಗೆ ಉಬ್ಬುತ್ತದೆ. ಎರಡು ಹನಿ ಕೂಲಂಟನ್ನೇ ಸವರಿ. ಕ್ಯಾಪ್ ಪರೀಕ್ಷಿಸುವ ಅಡಾಪ್ಟರಿಗೆ ಕಾರಿನ ಕ್ಯಾಪನ್ನು ಹಾಕಿ ಪಂಪು ಒತ್ತಿದರೆ ಎರಡೂ ಒಟ್ಟಿಗೆ ಗೊತ್ತಾಗುತ್ತವೆ: ಬರೆದ ಒತ್ತಡದ ಹತ್ತಿರ ಮುಳ್ಳು ನಿಂತರೆ ಕ್ಯಾಪೂ ಸರಿ, ಪಂಪೂ ಸರಿ. ಓ-ರಿಂಗ್ ಹಾಕಿದ ಮೇಲೆ ಈ ಕಿಟ್ಟಿನ ಬಗ್ಗೆ ದೂರು ಉಳಿದಿಲ್ಲ.

ಮುಳ್ಳು ಇಳಿಯುತ್ತದೆ, ಹೊರಗೆ ಎಲ್ಲೂ ಹನಿಯಿಲ್ಲ ಅಂತಾದರೆ ಒಳಗೆ ನೋಡಬೇಕು. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಎತ್ತಿ ಮುಟ್ಟಿ. ಜಾರುವ ಒದ್ದೆ ಇದ್ದರೆ ಹೀಟರ್ ಕೋರ್. ನಮ್ಮ ಸೆಕೆಯಲ್ಲಿ ಹೀಟರ್ ಯಾರಿಗೂ ಬೇಡವಾದ್ದರಿಂದ ಎರಡು ಹೋಸನ್ನು ಒಂದಕ್ಕೊಂದು ಜೋಡಿಸಿ ಹೀಟರನ್ನೇ ಬಿಟ್ಟುಬಿಡುವ ಮೆಕ್ಯಾನಿಕ್‌ಗಳಿದ್ದಾರೆ. ಅವಸರಕ್ಕೆ ಅದು ಸಾಕು. ಕಾರ್ಪೆಟ್ ಒಣಗಿದ್ದರೆ ಆಯಿಲ್ ಕ್ಯಾಪಿನ ಅಡಿಯಲ್ಲಿ ಮೊಸರಿನ ಬಣ್ಣದ ಜಿಡ್ಡು ಇದೆಯೇ ನೋಡಿ; ಇದ್ದರೆ ಕೂಲಂಟ್ ಆಯಿಲಿಗೆ ಸೇರುತ್ತಿರಬಹುದು. ಕೊನೆಯ ಪರೀಕ್ಷೆ: ಪಂಪು ಜೋಡಿಸಿಯೇ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ. ಒಂದು ನಿಮಿಷದೊಳಗೆ ಮುಳ್ಳು ತಾನಾಗಿ ಸರಸರ ಏರಿದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಬರುತ್ತಿದೆ, ಅಂದರೆ ಇಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಗಿದೆ. ತಕ್ಷಣ ಇಂಜಿನ್ ನಿಲ್ಲಿಸಿ ಒತ್ತಡ ಬಿಡಿ. ಡೀಸೆಲ್ ಕಾರುಗಳಲ್ಲಿ ಇಜಿಆರ್ ಕೂಲರ್ (ಹೊರಹೋಗುವ ಹೊಗೆಯ ಒಂದಂಶವನ್ನು ತಣಿಸಿ ಇಂಜಿನ್ನಿಗೆ ಮರಳಿಸುವ ಭಾಗ) ಒಳಗೆ ಬಿರಿದರೂ ಹೊರಗೆ ಏನೂ ಕಾಣುವುದಿಲ್ಲ, ಸೈಲೆನ್ಸರಿನಲ್ಲಿ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತದೆ. ಏನೇ ಆದರೂ ಲೀಕ್ ನಿಲ್ಲಿಸುವ ಹುಡಿ ಹಾಕಬೇಡಿ. ಅದು ತೂತನ್ನು ಮುಚ್ಚುವಂತೆಯೇ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ.

ಸೋರಿಕೆ ನಿಂತ ಮೇಲೆ ತುಂಬಿಸುವುದರ ಬಗ್ಗೆ. ಕಾಸರಗೋಡಿನ ಒಳನಾಡಿನಲ್ಲಿ ರೇಡಿಯೇಟರಿಗೆ ಬಾವಿ ನೀರು, ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಹೊಯ್ಯುವುದು ವಾಡಿಕೆ. ಕುಡಿಯಲು ಅಷ್ಟು ಒಳ್ಳೆಯ ನೀರು ಇಂಜಿನ್ನಿಗೆ ಆಗುವುದಿಲ್ಲ. ಮುರಕಲ್ಲಿನ (ಲ್ಯಾಟರೈಟ್) ಮಣ್ಣಿನ ನೀರಿಗೆ ಸಾಮಾನ್ಯವಾಗಿ ತುಸು ಆಮ್ಲ ಗುಣ ಇರುತ್ತದೆ, ತುಕ್ಕು ತಡೆಯುವ ಯಾವುದೂ ಅದರಲ್ಲಿಲ್ಲ. ಇಂಜಿನ್ ಹಿಂದಿನ ಉಕ್ಕಿನ ಪೈಪು ಒಳಗಿನಿಂದ ತುಕ್ಕು ಹಿಡಿದು, ಬಾಟ್ಲಿಯಲ್ಲಿ ಕಂದು ರಾಡಿ ಕಾಣಿಸಿಕೊಳ್ಳುತ್ತದೆ. ಕಾನ್ಸಂಟ್ರೇಟ್ (ನೀರು ಬೆರೆಸದ) ಕೂಲಂಟಿಗೆ ಸಮ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಸೇರಿಸಿ. ನಮ್ಮೂರಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ ನಿಜ. ಆದರೆ ತುಕ್ಕು ತಡೆಯುವ ಮದ್ದು ಬೇಕಾದಷ್ಟು ಇರಬೇಕಾದರೆ ಈ ಪ್ರಮಾಣ ಬೇಕು. ಸಮಪಾಲಿನ ಮಿಶ್ರಣ ಒತ್ತಡವಿಲ್ಲದಿದ್ದರೂ 107 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ, 1 ಬಾರ್ ಒತ್ತಡ ಸೇರಿದರೆ 125 ದಾಟುತ್ತದೆ. ಸುಳ್ಯದಿಂದ ಸಂಪಾಜೆ ಘಾಟಿ ಹತ್ತುವಾಗ ಕಾಪಾಡುವುದು ಇದು.

ಲೆಕ್ಕದಲ್ಲಿ ಎಡವುವ ಜಾಗ ಒಂದಿದೆ. 5 ಲೀಟರ್ ಹಿಡಿಯುವ ಇಂಜಿನ್ನಿನಲ್ಲಿ ಕೆಳಗಿನ ಹೋಸು ಬಿಚ್ಚಿದರೆ ಹೊರಗೆ ಬರುವುದು 3 ಲೀಟರಿನಷ್ಟು, ಉಳಿದ 2 ಲೀಟರ್ ಬ್ಲಾಕಿನೊಳಗೇ ಇರುತ್ತದೆ. ನೀರಿನಿಂದ ತೊಳೆದ ಮೇಲೆ ಸಮಪಾಲಿನ ಮಿಶ್ರಣವನ್ನೇ ಹೊಯ್ದರೆ ಒಳಗಿನ ನೀರು ಸೇರಿ ತೆಳುವಾಗುತ್ತದೆ. ಹಾಗಾಗಿ ಮೊದಲು ಎರಡೂವರೆ ಲೀಟರ್ ಕಾನ್ಸಂಟ್ರೇಟ್, ಆಮೇಲೆ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್. ಕೊನೆಯ ತೊಳೆತವೂ ಡಿಸ್ಟಿಲ್ಡ್ ನೀರಿನಲ್ಲೇ ಆಗಬೇಕು. ಬಣ್ಣ ನೋಡಿ ಕೂಲಂಟ್ ಕೊಳ್ಳಬೇಡಿ. ಹಸಿರು, ಕೆಂಪು ಎಂಬುದಕ್ಕೆ ಎಲ್ಲ ಕಂಪೆನಿಗಳಿಗೂ ಒಂದೇ ನಿಯಮ ಇಲ್ಲ. ಕಾರಿನ ಮ್ಯಾನ್ಯುಯಲಿನಲ್ಲಿ ಹೇಳಿದ ಬಗೆಯನ್ನೇ ತನ್ನಿ.

ಗಾಳಿ ತೆಗೆಯಲು ಕಾರಿನ ಮೂತಿ ಏರಿಗೆ ಬರುವಂತೆ ನಿಲ್ಲಿಸಿ; ನಮ್ಮ ಗುಡ್ಡದ ಮನೆಗಳಲ್ಲಿ ಅದಕ್ಕೆ ಜಾಗ ಹುಡುಕಬೇಕಿಲ್ಲ. ಹೀಟರ್ ನಾಬ್ ಪೂರ್ತಿ ಬಿಸಿಗೆ, ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆ ನಿಲ್ಲುವ ತನಕ ಸಡಿಲ. ಕೆಳಗಿನ ಹೋಸು ಬಿಸಿಯಾಗಿ, ಫ್ಯಾನು ಎರಡು ಸಲ ಓಡಿ ನಿಂತರೆ ಥರ್ಮೋಸ್ಟಾಟ್ ತೆರೆದಿದೆ ಎಂದರ್ಥ. ಮರುದಿನ ಬೆಳಿಗ್ಗೆ ಮಟ್ಟ ಇಳಿದಿರುತ್ತದೆ, ಮ್ಯಾಕ್ಸ್ ಗೆರೆಗೆ ತುಂಬಿಸಿ. ಹೊರಗೆ ತೆಗೆದ ಹಳೇ ಕೂಲಂಟನ್ನು ತೋಟಕ್ಕಾಗಲಿ ಅಂಗಳಕ್ಕಾಗಲಿ ಚೆಲ್ಲಬೇಡಿ. ಅದು ಸಿಹಿ, ಮತ್ತು ವಿಷ. ನಾಯಿಯೋ ದನವೋ ನೆಕ್ಕಿದರೆ ಮೂತ್ರಪಿಂಡ ಹೋಗುತ್ತದೆ. ಕ್ಯಾನಿನಲ್ಲಿ ತುಂಬಿ, ಹಳೇ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪಿನಲ್ಲಿ ಕೇಳಿ ಕೊಡಿ.

ರಿಪೇರಿ ಮುಗಿದರೂ ಪಂಪಿಗೆ ಕೆಲಸವಿದೆ. ದೂರದ ಪ್ರಯಾಣದ ಹಿಂದಿನ ದಿನ ಬೆಳಿಗ್ಗೆ ಕ್ಯಾಪ್ ತೆಗೆದು, ಪಂಪು ಹಾಕಿ 16ಕ್ಕೆ ಒತ್ತಿ, ಕಾಫಿ ಕುಡಿದು ಬಂದು ನೋಡುವುದು. ಮುಳ್ಳು ಅಲ್ಲೇ ನಿಂತಿರುವುದನ್ನು ಕಂಡಾಗ ಆಗುವ ಸಮಾಧಾನ ಕಿಟ್ ಕೊಳ್ಳುವಾಗ ನಿರೀಕ್ಷಿಸಿರಲಿಲ್ಲ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ದೀಪವನ್ನು ನಂಬಿ ಕೂರುವುದಕ್ಕಿಂತ ಇದು ಮೇಲು: ಕೂಲಂಟ್ ಪೂರ್ತಿ ಖಾಲಿಯಾಗಿ ಸೆನ್ಸರ್ ಬರೀ ಗಾಳಿಯಲ್ಲಿ ಉಳಿದರೆ ಅದು ನಿಜವಾದ ಬಿಸಿಯನ್ನು ತೋರಿಸದೆಯೂ ಇರಬಹುದು.

ಹೊಸ ಕಾರು ವಾರಂಟಿಯಲ್ಲಿದ್ದವರಿಗೆ ಇದು ಬೇಡ. ಕೆಎ ನಂಬರಿನ ಹಳೆ ಕಾರು ತಂದು ಎನ್ಒಸಿ, ಕಾಸರಗೋಡಿನ ಕೆಎಲ್ 14 ರಿಜಿಸ್ಟ್ರೇಷನ್ ಅಂತ ಈಗಾಗಲೇ ಖರ್ಚು ಮಾಡುತ್ತಿರುವವರಿಗೆ ಬೇಕು, ಅದೂ ದುಡ್ಡು ಕೊಡುವ ಮೊದಲೇ. ಮಾರುವವರಿಗೆ ಹಿಂದಿನ ದಿನ ಫೋನ್ ಮಾಡಿ, ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ ಹೋಗಿ. ಬಾಟ್ಲಿಯ ಒಳಗೋಡೆ ಕಂದಾಗಿ, ಒಳಗಿನ ಕೂಲಂಟ್ ಮಾತ್ರ ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದರೆ ಪಂಪು ಜೋಡಿಸಿ 15 ನಿಮಿಷ ಕಾಯಿರಿ. ಕಿಟ್ ತರಿಸುವಾಗ ನಿಮಗೆ ಬೇಕಾದ ಕಾರಿನ ಕ್ಯಾಪ್ ಒಳಗೆ ಥ್ರೆಡ್ ಇರುವಂಥದೋ, ಒತ್ತಿ ಕಾಲುಸುತ್ತು ತಿರುಗಿಸುವಂಥದೋ ನೋಡಿ, ಆ ಅಡಾಪ್ಟರ್ ಇದೆ ಎಂದು ಖಚಿತ ಮಾಡಿಕೊಂಡೇ ತರಿಸಿ. ಓ-ರಿಂಗ್ ನಾಲ್ಕು ಹೆಚ್ಚಿಗೆ ತಂದು ಪೆಟ್ಟಿಗೆಯಲ್ಲೇ ಇಡಿ.