ಅಪ್ಪನಿಗಾಗಿ ಕೊಂಡ ಧ್ವನಿಪುಸ್ತಕ

ನನ್ನ ತಂದೆ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಈಗ ಕಣ್ಣು ಮಂಜಾಗಿದೆ. ಅವರಿಗಾಗಿ ರಜನಿಕಾಂತ್ ಜೀವನದ ಈ ಕನ್ನಡ ಧ್ವನಿಪುಸ್ತಕ ಕೊಂಡೆ. ರಜನಿಕಾಂತ್ ಆಗುವ ಮೊದಲು ಶಿವಾಜಿ ರಾವ್ ಗಾಯಕ್ವಾಡ್ ಎಂಬ ಯುವಕನಾಗಿ ಅವರು ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ದಿನಗಳ ಅಧ್ಯಾಯವೇ ಇದರ ಜೀವ. ಮದ್ರಾಸಿಗೆ ನಟನೆ ಕಲಿಯಲು ಹೋದವನಿಗೆ ಬಸ್ ಚಾಲಕ ಗೆಳೆಯ ರಾಜ್ ಬಹದ್ದೂರ್ ಹಣದ ನೆರವು ನೀಡಿದ ಭಾಗ ಬಂದಾಗ ಅಪ್ಪ, “ನಿಲ್ಲಿಸು, ಇನ್ನೊಮ್ಮೆ ಹಾಕು” ಎಂದರು. ಮೂರು ಸಲ ಕೇಳಿದರು. ಮೂರನೆಯ ಸಲ ಕಣ್ಣೊರೆಸಿಕೊಂಡರು.

ಓದಿದವರ ದನಿ ನಿಧಾನ, ಸ್ಪಷ್ಟ. ಆದರೆ 1975ರ ಮೊದಲ ತಮಿಳು ಚಿತ್ರದ ನಂತರ ಬರೀ ಓಟ. ರಜನಿಕಾಂತ್ ನಟಿಸಿದ, 1976ರ ಪುಟ್ಟಣ್ಣ ಕಣಗಾಲರ ಕನ್ನಡ ಚಿತ್ರ ‘ಕಥಾಸಂಗಮ’ಕ್ಕೆ ಒಂದೇ ವಾಕ್ಯ! ಕನ್ನಡದ ಕೇಳುಗರಿಗೆ ಇದು ಅನ್ಯಾಯ. ಆದರೂ ನಾಲ್ಕು ನಕ್ಷತ್ರ ಕೊಡುತ್ತೇನೆ, ಅಪ್ಪನ ಪರವಾಗಿ.