ಗೂಗಲ್ ಸ್ಕಾಲರ್ ಪ್ರೊಫೈಲ್: ಶ್ವಾಸಕೋಶ ತಜ್ಞರ ಸಂಶೋಧನೆಯನ್ನು ಅಳೆಯಲು ಎಷ್ಟು ನಂಬಬಹುದು?

ಪಲ್ಮನಾಲಜಿ ವಿಭಾಗದ ಪ್ರಾಧ್ಯಾಪಕರೊಬ್ಬರು ಏನೇನು ಪ್ರಕಟಿಸಿದ್ದಾರೆ, ಅದನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂದು ತಿಳಿಯಬೇಕಾದವರು ಮೊದಲು ತೆರೆಯುವುದು ಗೂಗಲ್ ಸ್ಕಾಲರ್. ಶುಲ್ಕವಿಲ್ಲ. ಪ್ರೊಫೈಲ್ ತೆರೆದೊಡನೆ ಒಟ್ಟು ಸೈಟೇಶನ್ (ಉಲ್ಲೇಖಗಳ ಸಂಖ್ಯೆ), ಎಚ್-ಇಂಡೆಕ್ಸ್ (18 ಎಂದರೆ ತಲಾ 18 ಉಲ್ಲೇಖವಾದರೂ ಪಡೆದ 18 ಪ್ರಬಂಧಗಳಿವೆ ಎಂದರ್ಥ), ಐ10-ಇಂಡೆಕ್ಸ್ (ಹತ್ತು ಉಲ್ಲೇಖವಾದರೂ ಪಡೆದ ಪ್ರಬಂಧಗಳ ಸಂಖ್ಯೆ) ಎಂಬ ಮೂರು ಅಂಕಿಗಳು ಕಣ್ಣಿಗೆ ಬೀಳುತ್ತವೆ. ಪ್ರಬಂಧ ಹುಡುಕುವ ಸಾಧನವಾಗಿ ಇದಕ್ಕೆ ಐದಕ್ಕೆ ಐದು ಅಂಕ ಕೊಡಬಹುದು. ಅಳತೆಗೋಲಾಗಿ ಎರಡಕ್ಕಿಂತ ಹೆಚ್ಚು ಕೊಡಲಾಗದು, ಅದರಲ್ಲೂ ಎದೆರೋಗದ ಕ್ಷೇತ್ರದಲ್ಲಿ.

ಮೊದಲ ತೊಡಕು ಸಮ್ಮೇಳನದ ಸಾರಾಂಶಗಳದ್ದು. ಯುರೋಪಿಯನ್ ರೆಸ್ಪಿರೇಟರಿ ಸೊಸೈಟಿಯ ವಾರ್ಷಿಕ ಸಮ್ಮೇಳನದ ಪೋಸ್ಟರ್ ಸಾರಾಂಶಗಳು ಅದರದೇ ಜರ್ನಲ್ಲಿನ ಪುರವಣಿಯಲ್ಲಿ ಅಚ್ಚಾಗುತ್ತವೆ. ಅಮೆರಿಕನ್ ಥೊರಾಸಿಕ್ ಸೊಸೈಟಿಯವೂ ಹಾಗೆಯೇ. ಪ್ರೊಫೈಲಿನಲ್ಲಿ ಇವು ಪೂರ್ಣ ಪ್ರಬಂಧಗಳ ಸಾಲಿನಲ್ಲೇ ಕೂತಿರುತ್ತವೆ. ಮೇಲ್ನೋಟಕ್ಕೆ ಕಾಣುವುದು ದೊಡ್ಡ ಜರ್ನಲ್ಲಿನ ಹೆಸರು ಮಾತ್ರ. ಗುರುತು ಹಿಡಿಯುವುದು ಸುಲಭ. ಪುಟಸಂಖ್ಯೆಯ ಜಾಗದಲ್ಲಿ ‘ಪಿಎ’ ಅಥವಾ ‘ಎ’ ಅಕ್ಷರದ ಜೊತೆ ಅಂಕಿ ಇದ್ದು, ಸಂಚಿಕೆಯ ಜಾಗದಲ್ಲಿ ‘ಸಪ್ಲಿಮೆಂಟ್’ ಎಂದಿದ್ದರೆ ಅದು ಬಹುಪಾಲು ಸಾರಾಂಶವೇ. ಇವನ್ನು ಎಣಿಕೆಯಿಂದ ಬಿಡಿ. ಪಟ್ಟಿಯನ್ನು ವರ್ಷದ ಪ್ರಕಾರ ಜೋಡಿಸಿಕೊಂಡರೆ ಇವು ಗೊಂಚಲಾಗಿ ಬಂದಿರುವುದು ತಾನಾಗಿ ಎದ್ದು ಕಾಣುತ್ತದೆ.

ಇದಕ್ಕಿಂತ ದೊಡ್ಡ ಎಡವಟ್ಟು, ಜಗತ್ತಿನ ಕಾಯಿಲೆಗಳ ಹೊರೆಯನ್ನು ಅಂದಾಜಿಸುವ ಗ್ಲೋಬಲ್ ಬರ್ಡನ್ ಆಫ್ ಡಿಸೀಸ್ ಸರಣಿಯ ಪ್ರಬಂಧಗಳಿಂದ. ಲ್ಯಾನ್ಸೆಟ್‌ನಲ್ಲಿ ಬರುವ ಇವುಗಳಿಗೆ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಸಹಲೇಖಕರು, ಉಲ್ಲೇಖಗಳೂ ಸಾವಿರಗಟ್ಟಲೆ. ಸಿಒಪಿಡಿ (ಉಸಿರಾಟಕ್ಕೆ ತಡೆಯೊಡ್ಡುವ ದೀರ್ಘಕಾಲದ ಶ್ವಾಸಕೋಶ ರೋಗ), ಅಸ್ತಮಾದ ಅಂಕಿಅಂಶ ಬೇಕಾದ ಪ್ರತಿಯೊಬ್ಬರೂ ಪೀಠಿಕೆಯ ಮೊದಲ ಸಾಲಿನಲ್ಲೇ ಇವನ್ನು ಹೆಸರಿಸುವುದರಿಂದ ನಮ್ಮ ಕ್ಷೇತ್ರದಲ್ಲಿ ಇದರ ಪೆಟ್ಟು ಜೋರು. ಲೆಕ್ಕ ಹಾಕಿ ನೋಡೋಣ. ಒಬ್ಬರಿಗೆ 80 ಪ್ರಬಂಧ, 6,000 ಸೈಟೇಶನ್, ಎಚ್-ಇಂಡೆಕ್ಸ್ 18 ಇದೆ ಎನ್ನಿ. ಅದರಲ್ಲಿ ಇಂಥ ಎರಡೇ ಪ್ರಬಂಧಗಳಿಂದ 4,800 ಬಂದಿದ್ದರೆ, ಅವನ್ನು ತೆಗೆದಾಗ ಉಳಿಯುವುದು 1,200. ಎಚ್-ಇಂಡೆಕ್ಸ್ ಮಾತ್ರ ಹೆಚ್ಚೆಂದರೆ 16ಕ್ಕೆ ಇಳಿಯುತ್ತದೆ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ರೂಪಿಸಿದ ಈ ಸೂಚ್ಯಂಕದ ನಿಜವಾದ ಗುಣ ಇದೇ: ಒಂದೆರಡು ದೈತ್ಯ ಪ್ರಬಂಧಗಳಿಗೆ ಅದು ಮಣಿಯುವುದಿಲ್ಲ. ಆದರೆ ಅಂಥವು ಹದಿನೈದು ಇಪ್ಪತ್ತಿದ್ದರೆ ಅದೂ ಉಬ್ಬುತ್ತದೆ. ಗೂಗಲ್ ಸ್ಕಾಲರ್ ಉದ್ದನೆಯ ಲೇಖಕರ ಪಟ್ಟಿಯನ್ನು ಚುಕ್ಕಿಗಳಲ್ಲಿ ಮೊಟಕುಗೊಳಿಸುವುದರಿಂದ, ಹೆಚ್ಚು ಉಲ್ಲೇಖ ಪಡೆದ ಮೊದಲ ಹತ್ತು ಪ್ರಬಂಧಗಳನ್ನು ಒಂದೊಂದಾಗಿ ಮೂಲದಲ್ಲಿ ತೆರೆದು, ಇವರು ಮೊದಲ, ಕೊನೆಯ ಅಥವಾ ಸಂಪರ್ಕ ಲೇಖಕರೇ (ಪ್ರಬಂಧದ ಪತ್ರವ್ಯವಹಾರದ ಹೊಣೆ ಹೊತ್ತವರೇ) ಎಂದು ನೋಡಲೇಬೇಕು. ಈ ಹತ್ತರ ಓದು ಒಟ್ಟು ಅಂಕಿಗಿಂತ ಹೆಚ್ಚು ಹೇಳುತ್ತದೆ.

ಸಹಲೇಖಕರು ಹಲವರಿದ್ದ ಮಾತ್ರಕ್ಕೆ ಕೆಲಸ ಹಗುರವಲ್ಲ. 2012ರಲ್ಲಿ ಪ್ರಕಟವಾದ, ಭಾರತದಲ್ಲಿ ಶ್ವಾಸಕೋಶ ರೋಗಗಳ ಪ್ರಮಾಣ ಅಳೆದ ಇನ್‌ಸರ್ಚ್ ಅಧ್ಯಯನದ ಎರಡನೇ ಹಂತವನ್ನೇ ತೆಗೆದುಕೊಳ್ಳಿ. 12 ಕೇಂದ್ರಗಳಲ್ಲಿ 1,69,575 ವಯಸ್ಕರನ್ನು ಪ್ರಶ್ನಾವಳಿಯಿಂದ ಸಮೀಕ್ಷಿಸಿ, ಅಸ್ತಮಾ 2.05%, ಕ್ರಾನಿಕ್ ಬ್ರಾಂಕೈಟಿಸ್ (ಶ್ವಾಸನಾಳದ ದೀರ್ಘಕಾಲದ ಉರಿಯೂತ) 35 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ 3.49% ಎಂದು ಕಂಡುಕೊಂಡ ಕೆಲಸ ಅದು. ಅಲ್ಲಿ ಪ್ರತಿ ಕೇಂದ್ರದ ತಂಡವೂ ಮನೆಮನೆ ಅಲೆದಿದೆ. ಅಂಥದ್ದನ್ನು ಹೆಸರು ಮಾತ್ರ ಸೇರಿಸಿದ ಪ್ರಬಂಧದ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಹೆಸರಿನ ಗೊಂದಲ ಕನ್ನಡಿಗರಿಗೆ ವಿಶೇಷವಾಗಿ ಕಾಡುತ್ತದೆ. ನಮ್ಮಲ್ಲಿ ಹಲವರಿಗೆ ಸರ್‌ನೇಮ್ ಇಲ್ಲ, ಊರು ಮತ್ತು ಅಪ್ಪನ ಹೆಸರಿನ ಇನಿಶಿಯಲ್ ಇರುತ್ತದೆ. ಒಂದು ಜರ್ನಲ್ ‘ಮಂಜುನಾಥ ಬಿ.ಎಸ್.’ ಎಂದರೆ ಇನ್ನೊಂದು ಊರಿನ ಹೆಸರನ್ನೇ ಸರ್‌ನೇಮ್ ಮಾಡಿ ಹಾಕುತ್ತದೆ. ಉಲ್ಲೇಖ ಎಣಿಸುವ ಇನ್ನೊಂದು ದತ್ತಾಂಶ ಕೋಶವಾದ ಸ್ಕೋಪಸ್ ಇದನ್ನು ಇಬ್ಬರು ಲೇಖಕರೆಂದು ಒಡೆಯುತ್ತದೆ; ಗೂಗಲ್ ಸ್ಕಾಲರ್ ಅದಕ್ಕೆ ತದ್ವಿರುದ್ಧವಾಗಿ ಅದೇ ಇನಿಶಿಯಲ್ಲಿನ ಮೂಳೆತಜ್ಞರ ಪ್ರಬಂಧವನ್ನು ಇವರ ಖಾತೆಗೆ ತಂದು ಹಾಕುತ್ತದೆ. ಪ್ರೊಫೈಲ್ ಹೊಂದಿರುವ ವೈದ್ಯರು ಸೆಟ್ಟಿಂಗ್‌ನಲ್ಲಿ ತಂತಾನೇ ಸೇರಿಸುವ ಆಯ್ಕೆಯನ್ನು ಬಿಟ್ಟು, ಇಮೇಲಿನಲ್ಲಿ ಕೇಳಿ ಸೇರಿಸುವುದನ್ನು ಆರಿಸಬೇಕು. ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆ ಉಚಿತ. ಪ್ರತಿ ಪ್ರಬಂಧ ಸಲ್ಲಿಸುವಾಗಲೂ ಅದನ್ನು ಕೊಟ್ಟರೆ ಮುಂದಿನ ತಲೆನೋವು ತಪ್ಪುತ್ತದೆ. ಸ್ಕೋಪಸ್‌ನಲ್ಲಿ ಒಡೆದ ಖಾತೆಗಳನ್ನು ಒಂದುಗೂಡಿಸಲು ಲೇಖಕರೇ ಕೋರಿಕೆ ಸಲ್ಲಿಸಬಹುದು, ಅದಕ್ಕೂ ಹಣ ಬೇಡ.

ವರ್ಷವಾರು ಕಂಬಗಳ ಚಿತ್ರದಲ್ಲಿ 2020ರ ನಂತರ ಏಕಾಏಕಿ ಏರಿಕೆ ಕಂಡರೆ ಕೋವಿಡ್ ಪ್ರಬಂಧಗಳನ್ನು ಬೇರೆ ಮಾಡಿ ನೋಡಿ. ಅಸ್ತಮಾದಲ್ಲೋ ಕ್ಷಯದಲ್ಲೋ ಅವರ ಹಳೆಯ ಕೆಲಸದ ಪ್ರಭಾವ ಆ ಕಂಬಗಳ ಹಿಂದೆ ಅಡಗಿರುತ್ತದೆ.

ಎರಡನೇ ಅಭಿಪ್ರಾಯಕ್ಕೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ಎನ್‌ಐಎಚ್ ನಡೆಸುವ ಐಸೈಟ್ ಎಂಬ ಜಾಲತಾಣ ಇದೆ, ಉಚಿತ. ವೈದ್ಯಕೀಯ ಪ್ರಬಂಧಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಲೇಖಕರ ಪ್ರಬಂಧಗಳನ್ನು ಆರಿಸಿ, ಅವುಗಳ ಗುರುತಿನ ಸಂಖ್ಯೆಗಳಾದ ಪಿಎಂಐಡಿಗಳನ್ನು ಐಸೈಟ್‌ನಲ್ಲಿ ಅಂಟಿಸಿದರೆ ಪ್ರತಿ ಪ್ರಬಂಧಕ್ಕೂ ರಿಲೇಟಿವ್ ಸೈಟೇಶನ್ ರೇಶಿಯೋ ಬರುತ್ತದೆ. 1.0 ಎಂದರೆ ಎನ್‌ಐಎಚ್ ಅನುದಾನದ ಪ್ರಬಂಧಗಳ ಮಧ್ಯಮ ಮಟ್ಟ. ಅದೇ ಕ್ಷೇತ್ರದ, ಅದೇ ವರ್ಷದ ಪ್ರಬಂಧಗಳೊಂದಿಗೆ ಹೋಲಿಸುವುದರಿಂದ ಹೊಸಬರಿಗೂ ಹಿರಿಯರಿಗೂ ನ್ಯಾಯ ಸಿಗುತ್ತದೆ. ಕ್ಲಿನಿಕಲ್ ಟ್ರಯಲ್ ಮತ್ತು ಮಾರ್ಗಸೂಚಿಗಳಲ್ಲಿ ಬಂದ ಉಲ್ಲೇಖಗಳನ್ನೂ ಅದು ಬೇರೆ ತೋರಿಸುತ್ತದೆ; ಇನ್ಹೇಲರ್ ಬರೆಯುವ ವೈದ್ಯರಿಗೆ ಮುಖ್ಯವಾಗಬೇಕಾದ್ದು ಆ ಅಂಕಣವೇ. ಪಬ್‌ಮೆಡ್‌ನ ಆಚೆಗಿನ ಭಾರತೀಯ ಜರ್ನಲ್‌ಗಳಲ್ಲಿ ಪ್ರಕಟವಾದ ಪ್ರಬಂಧಗಳು ಮಾತ್ರ ಅಲ್ಲಿ ಸಿಗುವುದಿಲ್ಲ. ಅವಕ್ಕೆ ಮತ್ತೆ ಗೂಗಲ್ ಸ್ಕಾಲರ್‌ಗೇ ಮರಳಬೇಕು.